ಬ್ರಾಹಿಂ ಪಕ್ಕದ ಸೀಟು

ಸೈಬರ್‌ಜಯಾ
ಮಲೇಷ್ಯಾ, 8 ನವೆಂಬರ್ 2025, ಶನಿವಾರ

ಅತ್ತೆ,

ಕಾಸಾಬ್ಲಾಂಕಾ ಮುಟ್ಟಿದೀಯ ಅಂತ ಗೊತ್ತು. ನಿನ್ನ ವಿಮಾನಾನ ಆ್ಯಪ್‌ನಲ್ಲಿ ನೋಡ್ತಾನೇ ಇದ್ದೆ. ಆ ಪುಟಾಣಿ ಹಳದಿ ವಿಮಾನ ಸಮುದ್ರದ ಅಂಚಿಗೆ ಹೋಗಿ ನಿಂತಾಗ, ಇಲ್ಲಿ ಮಮಕ್ ಅಂಗಡೀಲಿ ರೊಟ್ಟಿ ಕನಾಯ್ ತಿಂತಿದ್ದೋಳು ಕಿರುಚಿಬಿಟ್ಟೆ. ಪಕ್ಕದ ಟೇಬಲ್ಲಲ್ಲಿ ಫುಟ್ಬಾಲ್ ನೋಡ್ತಿದ್ದ ಅಂಕಲ್ "ಗೋಲಾ?" ಅಂದ್ರು. "ಇಲ್ಲ ಅಂಕಲ್, ಅತ್ತೆ" ಅಂದೆ.

ನೀನು ಹೇಳಿದ ಹಾಗೇ ಕಾಗದ ಬರೀತಿದೀನಿ ನೋಡು. "ಅರ್ಧರ್ಧ ಸಾಲು ಟಿಂಗ್ ಟಿಂಗ್ ಅಂತ ಕಳಿಸ್ಬೇಡ ಇಂಚು, ನಂಗೆ ಈ ಟ್ರಿಪ್ ಮುಗಿಯೋ ತನಕ ಯಾವ ಫೋನೂ ಬೇಡ. ಸಂಜೆ ಹೋಟೆಲ್‌ನಲ್ಲಿ ಟ್ಯಾಬ್ ತೆಗೀತೀನಿ, ಅಷ್ಟೆ." ಓಕೆ ಬಾಸ್. ಇಪ್ಪತ್ತೆರಡು ವರ್ಷ ಕ್ಲಾಂಗ್ ಬಂದರಿನ ಕಂಟೇನರ್‌ಗಳೆಲ್ಲ ನಿನ್ನ ಹೆಸರು ಹಿಡಿದು ಕೂಗಿವೆ, ಸ್ವಲ್ಪ ದಿನ ಸುಮ್ನಿರಲಿ. ನಿನ್ನ ಫೋನು ಪೆಟಾಲಿಂಗ್ ಜಯಾ ಮನೆ ಡ್ರಾಯರ್‌ನಲ್ಲಿ ಮಲಗಿದೆ. ಕರಿಬೇವಿಗೆ ನೀರು ಹಾಕೋ ಡ್ಯೂಟಿ ನಂದು.

ಈಗ ಮೇನ್ ಮ್ಯಾಟರ್. ಅತ್ತೆ, ನೀನು ಕೀರ್ತಿರಾಜ್ ಜೊತೆ ಒಂದೇ ವ್ಯಾನ್‌ನಲ್ಲಿದೀಯ!! ನಿಂಗೆ ಅದರ ಬೆಲೆ ಗೊತ್ತಿಲ್ಲ. ಅವರ 'ಧೂಳುದಾರಿ' ಚಾನೆಲ್‌ನ ಎಲ್ಲಾ ವಿಡಿಯೋನೂ ನಾನು ಎರಡೆರಡು ಸಲ ನೋಡಿದೀನಿ. ನಮ್ಮ ಫ್ಯಾನ್ ಗ್ರೂಪ್‌ನಲ್ಲಿ ಹನ್ನೊಂದು ಸಾವಿರ ಜನ ಇದೀವಿ, ಅಷ್ಟೂ ಜನ ನಿನ್ನ ನೋಡಿ ಹೊಟ್ಟೆ ಉರ್ಕೋತಿದಾರೆ. ಅವರು ಫ್ಯಾನ್ಸನ್ನ ಕರ್ಕೊಂಡು ಹೋಗೋ ಮೊರಾಕೋ ಟ್ರಿಪ್ಪಿನ ಈ ಸೀಟು ಸುಮ್ನೆ ಬಂದಿದ್ದಲ್ಲ ಗೊತ್ತಾ? "ವರ್ಷದ ಬೆಸ್ಟ್ ಮಾಡರೇಟರ್" ಅಂತ ಅವರೇ ಲೈವ್‌ನಲ್ಲಿ ನನ್ನ ಹೆಸರು ಕೂಗಿ ಕೊಟ್ಟಿದ್ದು. "ಇಂಚರ ಇರೋ ತನಕ ನಮ್ಮ ಗ್ರೂಪ್‌ನಲ್ಲಿ ಒಂದು ನೆಗೆಟಿವ್ ಕಾಮೆಂಟೂ ಒಂದು ನಿಮಿಷ ಉಳಿಯಲ್ಲ" ಅಂದ್ರು. ನಾನು ಅತ್ತುಬಿಟ್ಟೆ. ಹಾಳಾದ್ದು ಪರೀಕ್ಷೆ ಇದೇ ವಾರ ಬಂತು, ಇಲ್ಲಾಂದ್ರೆ ಆ ಸೀಟಲ್ಲಿ ನಾನಿರ್ತಿದ್ದೆ. ನಾನಿಲ್ದಿದ್ರೆ ನೀನು. ಬೇರೆ ಯಾರಿಗೆ ಕೊಡ್ಲಿ?

ಹಿಂದೆ ಕೂತ್ರೆ ನಿಂಗೆ ವಾಂತಿ ಬರತ್ತೆ, ಮುಂದಿನ ಸೀಟೇ ಹಿಡ್ಕೋ. ಎಲ್ಲಾ ಬರಿ. ಊಟ ಬರಿ, ಒಂಟೆ ಬರಿ, ಕೀರ್ತಿರಾಜ್ ಕ್ಯಾಮೆರಾ ಆಫ್ ಇದ್ದಾಗ ಹೇಗಿರ್ತಾರೆ ಅದನ್ನ ಎರಡು ಪುಟ ಬರಿ.

ಇಂಚು


ಶೆಫ್‌ಶಾವೆನ್
9 ನವೆಂಬರ್, ಭಾನುವಾರ

ಚಿ. ಇಂಚುಗೆ ಅತ್ತೆಯ ಆಶೀರ್ವಾದ.

ನಿನ್ನ ಕಾಗದ ಓದಿ ನಕ್ಕೆ. ಎರಡೆರಡು ಆಶ್ಚರ್ಯಸೂಚಕ ಹಾಕಬೇಡ, ಒಂದು ಸಾಕು.

ಈ ಊರನ್ನು ಯಾರೋ ಬಕೆಟ್ಟಿನಲ್ಲಿ ನೀಲಿ ಕಲಸಿ ಅದ್ದಿ ಒಣಹಾಕಿದ ಹಾಗಿದೆ. ಗೋಡೆ ನೀಲಿ, ಮೆಟ್ಟಿಲು ನೀಲಿ, ಬಾಗಿಲ ಮುಂದೆ ಮಲಗಿದ ಬೆಕ್ಕು ಕೂಡ ಬೀದಿದೀಪದ ಬೆಳಕಿನಲ್ಲಿ ನೀಲಿ. ನಾವು ಹನ್ನೊಂದು ಜನ ಪ್ರವಾಸಿಗಳು, ನಿಮ್ಮ ಕೀರ್ತಿರಾಜ್, ಕ್ಯಾಮೆರಾದ ಮಹಿತ್, ಡ್ರೈವರ್ ಬ್ರಾಹಿಂ. ನಮ್ಮಲ್ಲಿ ಹಿರಿಯರು ದೇವೇಂದ್ರಣ್ಣ, ದಾವಣಗೆರೆಯಲ್ಲಿ ಹೆಡ್‌ಮಾಸ್ಟರ್ ಆಗಿದ್ದವರು. ಎಲ್ಲಿ ಇಳಿದರೂ "ಒಂದು, ಎರಡು, ಮೂರು" ಎಂದು ನಮ್ಮನ್ನು ಎಣಿಸಿಯೇ ಹೊರಡುತ್ತಾರೆ.

ನಿಮ್ಮ ಕೀರ್ತಿರಾಜ್ ಒಳ್ಳೆಯ ಮಾತುಗಾರ. ಒಂದೇ ಬಾಗಿಲಿನಿಂದ ನಮ್ಮನ್ನು ಮೂರು ಸಲ ಹೊರಗೆ ಬರಿಸಿದ. "ಮೇಡಂ, ಮೊದಲ ಸಲ ನೋಡಿದ ಹಾಗೆ ನೋಡಿ!" ಮೂರನೆಯ ಸಲಕ್ಕೆ ಮೊದಲ ಸಲ ನೋಡಿದ ಹಾಗೆ ನೋಡುವುದು ಕಷ್ಟ ಕಣೇ. ಬೆಳಗಿನ ಬೆಳಕು ಬೇಕೆಂದು ಐದಕ್ಕೇ ಹೊರಡಿಸಿದ. ಸಂಜೆ ಏಳಕ್ಕೆ ಇಲ್ಲಿಗೆ ಮುಟ್ಟಿದೆವು. ನನ್ನ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ: ಹೊರಟದ್ದು, ನಿಂತದ್ದು, ವ್ಯಾನಿನ ನಂಬರು. ನಗಬೇಡ. ಕಂಟೇನರ್ ಗೇಟಿಗೆ ಬಂದ ಹೊತ್ತು, ಹೋದ ಹೊತ್ತು ಬರೆಯದೆ, ಸೀಲನ್ನು ಕಣ್ಣಾರೆ ನೋಡದೆ ನಾನು ಯಾವತ್ತೂ ಸಹಿ ಹಾಕಿದವಳಲ್ಲ. ಆ ಚಾಳಿ ಮೊರಾಕೋಕ್ಕೂ ಬಂದಿದೆ.

ಇನ್ನೊಂದು ಚಾಳಿ ಕೇಳು. ಪ್ರವಾಸದ ಫಾರಂನಲ್ಲಿ "ತುರ್ತಿದ್ದರೆ ಯಾರಿಗೆ ತಿಳಿಸಬೇಕು" ಎಂಬ ಕಲಂ ಇತ್ತು. ಕೈ ತಾನಾಗಿ ನನ್ನ ನಂಬರನ್ನೇ ಬರೆದುಬಿಟ್ಟಿತು! ಕಚೇರಿಯ ಎಲ್ಲ ಕಾಗದದಲ್ಲೂ ಅದೇ ಬರೆದ ಕೈ. ನನಗೇನಾದರೂ ಆದರೆ ನನಗೇ ಫೋನು ಮಾಡಿ ತಿಳಿಸುತ್ತಾರೆ.

ನಾನು ಮುಂದೆ ಬ್ರಾಹಿಂ ಪಕ್ಕದಲ್ಲೇ ಕೂರುತ್ತೇನೆ. ನಲವತ್ತು ವರ್ಷವಿರಬಹುದು, ಕಡ್ಡಿಯಂತಹ ಮನುಷ್ಯ. ಮೂರು ಹೆಣ್ಣುಮಕ್ಕಳಂತೆ. ಮಧ್ಯಾಹ್ನ ಊಟವಾದ ಮೇಲೆ ಒಂದೇ ಸಮ ಸೂರ್ಯಕಾಂತಿ ಬೀಜ ಕಡಿಯುತ್ತಿರುತ್ತಾನೆ, ಟಿಕ್ ಟಿಕ್ ಎಂದು. ಗಾಡಿ ನಿಂತಲ್ಲೆಲ್ಲ ಇಳಿದು ಮುಖ ತೊಳೆಯುತ್ತಾನೆ. ಎಷ್ಟು ಶುದ್ಧ, ಎಷ್ಟು ಭಕ್ತ ಎಂದು ನೋಡುತ್ತಿದ್ದೆ. "ಮದಾಂ, ಟಾಕ್, ಪ್ಲೀಸ್ ಟಾಕ್" ಎಂದು ನನ್ನನ್ನು ಮಾತಿಗೆಳೆಯುತ್ತಾನೆ. ನನ್ನ ಮಾತಿಗೆ ಇಷ್ಟು ಆಸೆಪಟ್ಟವರು ಇವನೇ ಮೊದಲು.

ಪ್ರವಾಸದ ಕಾಗದದಲ್ಲಿ ಇಬ್ಬರು ಡ್ರೈವರ್ ಎಂದು ಬರೆದಿತ್ತಲ್ಲ, ಇನ್ನೊಬ್ಬನೆಲ್ಲಿ ಎಂದು ಕೇಳಿದೆ. "ಫೆಸ್‌ನಲ್ಲಿ ಹತ್ತುತ್ತಾನೆ ಮೇಡಂ" ಎಂದ ಕೀರ್ತಿರಾಜ್.

ಚೆನ್ನಾಗಿ ಓದಿಕೋ. ಬರೀ ಮ್ಯಾಗಿ ತಿನ್ನಬೇಡ.

ಅತ್ತೆ


[ಡ್ರಾಫ್ಟ್. ಕಳಿಸಿಲ್ಲ.]
ಸೈಬರ್‌ಜಯಾ
10 ನವೆಂಬರ್, ಸೋಮವಾರ

ಅತ್ತೆ,

ಬೀಜ. ನೀನು ಬೀಜ ಅಂತ ಬರೆದಿದ್ದು ಓದಿದ ತಕ್ಷಣ ಪರೀಕ್ಷೆ ಪುಸ್ತಕ ಮುಚ್ಚಿಟ್ಟೆ.

ನಿಂಗೆ ಒಂದು ವಿಷಯ ಹೇಳ್ಬೇಕು. ಏಪ್ರಿಲ್‌ನಲ್ಲಿ ನಮ್ಮ ಗ್ರೂಪ್‌ಗೆ ಧಾರವಾಡದ ಅಪೂರ್ವ ಅನ್ನೋರು ಒಂದು ಮೆಸೇಜ್ ಹಾಕಿದ್ರು. ನಾನು ಡಿಲೀಟ್ ಮಾಡ್ದೆ. ಅವರನ್ನ ಬ್ಯಾನೂ ಮಾಡ್ದೆ. ನಲವತ್ತು ಸೆಕೆಂಡು ಕೂಡ ಆಗಿರ್ಲಿಲ್ಲ. "ಹೇಟರ್ ಸಿಕ್ಕಿಬಿದ್ದ ಲಾ" ಅಂತ ನಂದೇ ಒಂದು ಸ್ಟಿಕರ್ ಇದೆ, ಅದನ್ನೂ ಹಾಕ್ದೆ. ಮುನ್ನೂರು ಜನ ನಕ್ರು. ಡಿಲೀಟ್ ಆಗಿದ್ದೆಲ್ಲ ಮಾಡರೇಟರ್ ಲಾಗ್‌ನಲ್ಲಿ ಉಳಿದಿರತ್ತೆ, ಈಗ ಹೋಗಿ ತೆಗೆದೆ. ಇದು:

"ಮಾರ್ಚ್ ಟ್ರಿಪ್ಪಿನ್ಯಾಗ ನಾನೂ ಇದ್ದೆ. ಎಲ್ಲಾರೂ ಹೊಗಳೂದು ಆತು, ಈಗ ಖರೆ ಕೇಳ್ರಿ. ಎರಡನೇ ಡ್ರೈವರ್ ಅಂತಾರ, ಕಡೀತನಕಾ ಯಾರೂ ಬರಂಗಿಲ್ಲ. ಬ್ರಾಹಿಂ ಅಣ್ಣ ಛಲೋ ಮನಷ್ಯಾ, ಆದ್ರ ಅವಂಗ ನಿದ್ದಿ ಇಲ್ಲ. ನಮಗ ರಜಾ ಇದ್ದ ದಿನಾನೂ ಅವನ್ನ ಬ್ಯಾರೆ ಬಾಡಿಗೀಗೆ ಕಳಸ್ತಾರ. ಎಚ್ಚರ ಇರಾಕ ಬೀಜ ಕಡೀತಾನ. ಬೀಜ ಕಡಿಯೂ ಸಪ್ಪಳ ನಿಂತ್ರ ಕಣ್ಣ ಮುಚ್ಚ್ಯಾವಂತ ತಿಳಕೋರಿ. ಎರಡ ಸಲ ಗಾಡಿ ರೋಡ್ ಬಿಟ್ಟ ಇಳೀತು. ನಮ್ಮ ಪುಣ್ಯಾ, ಬಯಲಿತ್ತು. ಮುಂದ ಹೋಗಾವ್ರು ಕೇಳಿ ಹೋಗ್ರಿ."

ಅವರು ಹೇಟರ್ ಅಲ್ಲ ಅತ್ತೆ. ಇಂಥದ್ದನ್ನ ತೆಗೆದೂ ತೆಗೆದೂನೇ ನಂಗೆ ಆ ಸೀಟು ಸಿಕ್ಕಿದ್ದು. ಅದರಲ್ಲಿ ನಿನ್ನ ಕೂರಿಸಿದೀನಿ.

ಇದನ್ನ ಹೇಗೆ ಕಳಿಸ್ಲಿ? ನೀನು ನನ್ನ ಏನಂದ್ಕೋತೀಯ


ಸೈಬರ್‌ಜಯಾ
10 ನವೆಂಬರ್, ಸೋಮವಾರ

ಅತ್ತೆ,

ನಿನ್ನ ಕಾಗದ ಸೂಪರ್. ನೀಲಿ ಬೆಕ್ಕು ತುಂಬಾ ಇಷ್ಟ ಆಯ್ತು.

ಒಂದು ಸಣ್ಣ ರಿಕ್ವೆಸ್ಟ್. ನೀನು ಮುಂದೆ ಕೂರ್ಬೇಡ, ಪ್ಲೀಸ್. ಹಿಂದೆ ಹೋಗು, ಕೊನೇ ಸಾಲು. ಬೆಲ್ಟ್ ಹಾಕ್ಕೋ, ಗಟ್ಟಿಯಾಗಿ. ವಾಂತಿ ಮಾತ್ರೆ ತಗೊಂಡ್ರೆ ಆಯ್ತು. ಯಾಕೆ ಅಂತ ಕೇಳ್ಬೇಡ, ಎಲ್ಲೋ ಓದ್ದೆ, ಲಾಂಗ್ ರೋಡ್‌ನಲ್ಲಿ ಮುಂದಿನ ಸೀಟು ಅಷ್ಟು ಸೇಫ್ ಅಲ್ವಂತೆ. ನನ್ನ ಮೇಲೆ ಆಣೆ.

ಮತ್ತೆ ಆ ಡ್ರೈವರ್ ರಾತ್ರಿ ಚೆನ್ನಾಗಿ ನಿದ್ದೆ ಮಾಡ್ತಾರಾ ಅಂತ ಸುಮ್ನೆ ಕೇಳು. ಸುಮ್ನೆ.

ಬುಧವಾರ ಪರೀಕ್ಷೆ. ಓದ್ತಿದೀನಿ.

ಇಂಚು


ಫೆಸ್
11 ನವೆಂಬರ್, ಮಂಗಳವಾರ

ಚಿ. ಇಂಚು,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಮೊದಲು ಅರ್ಥವಾಗಲಿಲ್ಲ, ಆಮೇಲೆ ಆಯಿತು. ನಾನು ಬ್ರಾಹಿಂ ಜೊತೆ ನಗುತ್ತ ಕೂತಿದ್ದನ್ನು ಮಹಿತ್ ಹಿಡಿದು ಲೈವ್‌ನಲ್ಲಿ ಹಾಕಿದ್ದಾನಂತೆ. ನಿಮ್ಮ ಗುಂಪಿನಲ್ಲಿ ಯಾರಾದರೂ ಆಡಿಕೊಂಡರಾ? "ಚಾಮುಂಡಿ ಮೇಡಂ ಡ್ರೈವರ್ ಪಕ್ಕ ಬಿಟ್ಟು ಏಳಲ್ಲ" ಎಂದು ದೇವೇಂದ್ರಣ್ಣನೇ ಇಲ್ಲಿ ರೇಗಿಸುತ್ತಾರೆ. ನಿನಗೆ ಮುಜುಗರವಾಗಿದ್ದರೆ ನೇರ ಹೇಳಬಹುದಿತ್ತು ಮಗಳೇ. ಸೀಟು ಸೇಫಲ್ಲ ಅದೂ ಇದೂ ಎಂದು ಸುತ್ತಿ ಬಳಸಿ ಯಾಕೆ? ಸರಿ, ನಾಳೆಯಿಂದ ಕೊನೆಯ ಸಾಲಿನಲ್ಲೇ ಕೂರುತ್ತೇನೆ. ಆಣೆ ಬೇರೆ ಹಾಕಿದ್ದೀಯೆ. ಮುಂದಿನ ಸೀಟನ್ನು ದೇವೇಂದ್ರಣ್ಣನಿಗೆ ಕೊಟ್ಟೆ, ಅವರಿಗೆ ಕಾಲು ಚಾಚಲು ಜಾಗ ಬೇಕಂತೆ.

ಇವತ್ತು ನಮಗೆ ವಿರಾಮದ ದಿನ, ಊರು ಸುತ್ತಿದೆವು. ಈ ಹಳೆಯ ಪೇಟೆಯ ಗಲ್ಲಿಗಳಲ್ಲಿ ಕತ್ತೆಗೇ ಮೊದಲ ಮರ್ಯಾದೆ. "ಬಾಲಕ್, ಬಾಲಕ್", ಅಂದರೆ ದಾರಿ ಬಿಡಿ, ಎಂದು ಕೂಗಿದರೆ ಗೋಡೆಗೆ ಅಂಟಿ ನಿಲ್ಲಬೇಕು. ತೊಗಲು ಹದ ಮಾಡುವ ತೊಟ್ಟಿಗಳ ವಾಸನೆಗೆ ಮೂಗಿಗೆ ಪುದೀನ ಹಿಡಿದುಕೊಳ್ಳಲು ಕೊಟ್ಟರು. ನಿನಗೊಂದು ಹಳದಿ ಚಪ್ಪಲಿ ತೆಗೆದುಕೊಂಡಿದ್ದೇನೆ.

ಎರಡನೆಯ ಡ್ರೈವರ್ ಬರಲಿಲ್ಲ. ಬರುತ್ತಾನಂತೆ. ನಿನ್ನೆ ದಾರಿಯಲ್ಲಿ ಒಂದು ಸಲ... ಬಿಡು, ಏನಿಲ್ಲ. ಬ್ರಾಹಿಂ ಚೆನ್ನಾಗಿಯೇ ಓಡಿಸುತ್ತಾನೆ. ನಿಮ್ಮ ಕೀರ್ತಿರಾಜ್ ಒಳ್ಳೆಯವನೇ.

ನಾಳೆ ಬೆಳಿಗ್ಗೆ ಐದಕ್ಕೆ ಮರುಭೂಮಿಯ ಕಡೆಗೆ. ಒಂದೇ ದಿನ ನಾನೂರ ಎಪ್ಪತ್ತು ಕಿಲೋಮೀಟರ್. ಅಲ್ಲಿ ಎರಡು ದಿನ ವೈಫೈ ಸಿಗುವುದಿಲ್ಲವಂತೆ. ಗಾಬರಿಯಾಗಬೇಡ.

ಪರೀಕ್ಷೆ ಚೆನ್ನಾಗಿ ಬರಿ.

ಅತ್ತೆ


ಸೈಬರ್‌ಜಯಾ
12 ನವೆಂಬರ್, ಬುಧವಾರ, ಮಧ್ಯಾಹ್ನ 12.40

ಅತ್ತೆ ಹಿಂದೆ ಹೋಗ್ಬೇಡ. ಮುಂದೆ ಕೂರು. ಮುಂದೇನೇ ಕೂರು. ಅವರ ಜೊತೆ ಮಾತಾಡ್ತಾ ಇರು, ನಿಲ್ಲಿಸ್ಲೇಬೇಡ.

ಪರೀಕ್ಷೆ ಹಾಲ್‌ನಲ್ಲಿ ಫೋನ್ ತಗೊಂಡಿಟ್ಟಿದ್ರು, ಈಗ ಓದ್ದೆ. ನಿಂಗೆ ಈಗ ಬೆಳಿಗ್ಗೆ ಐದು ನಲವತ್ತು. ನೀವು ಐದಕ್ಕೆ ಹೊರಟಾಯ್ತು. ನಲವತ್ತು ನಿಮಿಷ ಅತ್ತೆ. ನಲವತ್ತೇ ನಿಮಿಷ.

ಇಷ್ಟು ದಿನ ಅವರು ಎಚ್ಚರ ಇದ್ದಿದ್ದು ನೀನು ಪಕ್ಕದಲ್ಲಿ ಮಾತಾಡ್ತಿದ್ದೆ ಅಂತ. ಆ ಸೀಟಿಂದ ನಿನ್ನ ಎಬ್ಬಿಸಿದ್ದು ನಾನು.


12 ನವೆಂಬರ್, ರಾತ್ರಿ

ನಿಮ್ಮಲ್ಲಿ ಈಗ ಮಧ್ಯಾಹ್ನ. ಊಟ ಆಗಿರತ್ತೆ. ಬ್ರಾಹಿಂ ಬೀಜ ಕಡಿಯೋದು ಇದೇ ಹೊತ್ತು.

ಕೀರ್ತಿರಾಜ್ ಹತ್ರ ಅಲ್ಲಿನ ಸಿಮ್ ಇದೆ. ನಾಕು ಸಲ ಮೆಸೇಜ್ ಹಾಕಿದೆ, "ಅತ್ತೆ ಹೇಗಿದಾರೆ, ಡ್ರೈವರ್‌ಗೆ ರೆಸ್ಟ್ ಕೊಡಿ ಪ್ಲೀಸ್" ಅಂತ. ಸುಮಾರು ಹೊತ್ತಾದ್ಮೇಲೆ ಒಂದು ಹಾರ್ಟ್ ಬಂತು. "ಆಲ್ ಗುಡ್ ಪುಟ್ಟಾ" ಅಂತ. ಅವರು ನನ್ನ ಪುಟ್ಟಾ ಅಂದಿದ್ದು ಇದೇ ಮೊದಲು. ಹೋದ ವಾರ ಆಗಿದ್ರೆ ಸ್ಕ್ರೀನ್‌ಶಾಟ್ ತೆಗೆದು ಫ್ರೇಮ್ ಹಾಕಿಸ್ತಿದ್ದೆ.


ಪೆಟಾಲಿಂಗ್ ಜಯಾ, ನಿನ್ನ ಮನೆ
13 ನವೆಂಬರ್, ಗುರುವಾರ

ಅತ್ತೆ,

ಕರಿಬೇವಿಗೆ ನೀರು ಹಾಕೋಕೆ ಬಂದೆ. ಡ್ರಾಯರ್ ಒಳಗೆ ನಿನ್ನ ಫೋನು ಗುಂಯ್ ಅಂತಿತ್ತು. ಕ್ಲಾಂಗ್‌ನವರು ಇರ್ಬೇಕು ಅಂದ್ಕೊಂಡೆ. ತೆಗೆದು ನೋಡಿದ್ರೆ +212. ಮೊರಾಕೋ. ನಿನ್ನೆಯಿಂದ ಐದು ಮಿಸ್ಡ್ ಕಾಲ್.

ನೀನು ಬರೆದಿದ್ದೆಯಲ್ಲ. ನಿಂಗೇನಾದ್ರೂ ಆದ್ರೆ ನಿಂಗೇ ಫೋನ್ ಮಾಡ್ತಾರೆ ಅಂತ.

ವಾಪಸ್ ಮಾಡ್ದೆ. ಒಬ್ಬ ಹೆಂಗಸು ಎತ್ತಿದ್ರು. ಫ್ರೆಂಚೋ ಅರಬಿಯೋ, ಒಂದೂ ಗೊತ್ತಾಗ್ಲಿಲ್ಲ. ಆಸ್ಪತ್ರೆ ಅನ್ನೋದು ಗೊತ್ತಾಯ್ತು. ನಿನ್ನ ಹೆಸರು ಗೊತ್ತಾಯ್ತು, "ಶಾಮುಂದಿ, ಶಾಮುಂದಿ" ಅಂತ ಎರಡು ಸಲ ಅಂದ್ರು. ಆಮೇಲೆ ಕಟ್ ಆಯ್ತು. ಮತ್ತೆ ಮಾಡಿದ್ರೆ ಎತ್ತಲಿಲ್ಲ. ನಾನು ನಿನ್ನ ಅಡುಗೆಮನೆ ನೆಲದ ಮೇಲೇ ಕೂತಿದೀನಿ.

ಇವತ್ತು ಕೀರ್ತಿರಾಜ್ ಒಂದು ವಿಡಿಯೋ ಹಾಕಿದಾರೆ. ಮರಳು ಗುಡ್ಡ, ಮ್ಯೂಸಿಕ್ಕು, ಎಲ್ಲರೂ ಕೈ ಬೀಸ್ತಿದಾರೆ. ನಿಲ್ಲಿಸಿ ನಿಲ್ಲಿಸಿ ಎಣಿಸ್ದೆ. ಒಂಬತ್ತು ಜನ. ಹನ್ನೊಂದಲ್ಲ, ಒಂಬತ್ತು. ನಿನ್ನ ಸಾಸಿವೆ ಬಣ್ಣದ ಶಾಲು ಎಲ್ಲೂ ಇಲ್ಲ. ಹಿಂದೆ ಮೂಲೇಲಿ ವ್ಯಾನ್ ಇದೆ, ಅದರ ಮುಂದಿನ ಗಾಜಿಗೆ ಟೇಪ್ ಅಂಟಿಸಿದಾರೆ.

ಕೆಳಗೆ ಒಬ್ಬರು ಕೇಳಿದ್ರು, "ಗಾಜು ಯಾಕೆ ಒಡೆದಿದೆ?" ಆ ಕಾಮೆಂಟು ನನ್ನ ಅಪ್ರೂವಲ್‌ಗೇ ಬಂತು. ಇನ್ನೊಬ್ಬ ಮಾಡರೇಟರ್ ಸುಜಿತ್ "ಡಿಲೀಟ್ ಮಾಡೇ, ಏನ್ ನೋಡ್ತಿದೀಯ, ನೆಗೆಟಿವಿಟಿ ಬೇಡ" ಅಂದ. ನಾನು ಅಪ್ರೂವ್ ಮಾಡ್ದೆ. ಅದರ ಕೆಳಗೆ ಅಪೂರ್ವ ಅವರ ಏಪ್ರಿಲ್ ಮೆಸೇಜ್ ಅಂಟಿಸ್ದೆ. ಅದನ್ನ ತೆಗೆದೋಳು ನಾನೇ ಅಂತ ನನ್ನ ಹೆಸರು ಹಾಕಿ ಬರೆದೆ. ಹನ್ನೆರಡು ನಿಮಿಷ ಉಳೀತು. ಆಮೇಲೆ ನಾನೇ ಗ್ರೂಪ್‌ನಲ್ಲಿರ್ಲಿಲ್ಲ.

ಸೋಮವಾರ ನಿಂಗೆ ಬರೆದು ಕಳಿಸದೇ ಇದ್ದ ಕಾಗದ ಇದರ ಜೊತೆ ಇದೆ. ಓದು. ನೀನು ಓದೋ ಹಾಗಿದ್ರೆ ಸಾಕು. ಆಮೇಲೆ ನನ್ನ ಜೊತೆ ಜನ್ಮದಲ್ಲಿ ಮಾತಾಡದಿದ್ರೂ ಪರವಾಗಿಲ್ಲ.

ಇಂಚು


ವಾರ್ಜಾಜಾತ್
15 ನವೆಂಬರ್, ಶನಿವಾರ, ಬೆಳಿಗ್ಗೆ

ಇಂಚು,

ಬದುಕಿದ್ದೇನೆ. ಎರಡು ಕೈ, ಎರಡು ಕಾಲು, ತಲೆ, ಎಲ್ಲ ಇದ್ದ ಜಾಗದಲ್ಲೇ ಇವೆ. ಮೊದಲು ಇದನ್ನು ಓದಿ, ನೀರು ಕುಡಿದು, ಆಮೇಲೆ ಮುಂದಿನದನ್ನು ಓದು.

ನಿನ್ನೆ ಸಂಜೆ ಇಲ್ಲಿ ಟ್ಯಾಬ್ ತೆಗೆದರೆ ನಿನ್ನ ಕಾಗದಗಳೆಲ್ಲ ಒಟ್ಟಿಗೇ ಬಂದವು. ಕಳಿಸದ ಕಾಗದವನ್ನೂ ಓದಿದೆ. ಉತ್ತರ ಬರೆಯುವಷ್ಟರಲ್ಲಿ ವೈಫೈ ಹೋಯಿತು, ಬೆಳಗಿನವರೆಗೂ ಬರಲಿಲ್ಲ. ನಿನ್ನ ಮೇಲೆ ಸಿಟ್ಟಿದೆ. ಬಂದು ಬೈಯುತ್ತೇನೆ, ಇಲ್ಲಿ ಒಂದೊಂದೇ ಅಕ್ಷರ ಒತ್ತಿ ಬೈಯುವಷ್ಟರಲ್ಲಿ ಸಿಟ್ಟು ಇಳಿದುಹೋಗುತ್ತದೆ.

ಬುಧವಾರ ಏನಾಯಿತು ಹೇಳುತ್ತೇನೆ. ನಾನು ಕೊನೆಯ ಸಾಲಿನಲ್ಲಿದ್ದೆ. ಊಟ ಮುಗಿಸಿ ಝಿಝ್ ಎಂಬ ಕಣಿವೆಯಲ್ಲಿ ಇಳಿಯುತ್ತಿದ್ದೆವು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕೆಳಗೆ ದೂರದಲ್ಲಿ ಖರ್ಜೂರದ ಮರಗಳು. ಬೀಜ ಕಡಿಯುವ ಸದ್ದು ಹಿಂದಿನ ಸಾಲಿಗೆ ಕೇಳಿಸುವುದಿಲ್ಲ ಇಂಚು. ನಿಂತದ್ದೂ ಕೇಳಿಸುವುದಿಲ್ಲ. ಜಲ್ಲಿಯ ಮೇಲೆ ಚಕ್ರ ಹೋದ ಸದ್ದು ಕೇಳಿತು, ಅಷ್ಟೆ. ಬ್ರಾಹಿಂ ಎಚ್ಚೆತ್ತು ಬಂಡೆಯ ಕಡೆಗೆ ಎಳೆದ. ಆ ಕಡೆಗೆ ಎಳೆದಿದ್ದಕ್ಕೆ ನಾನು ಈಗ ಬರೆಯುತ್ತಿದ್ದೇನೆ. ನನ್ನ ಜಾಗದಲ್ಲಿ ಕೂತ ದೇವೇಂದ್ರಣ್ಣನ ಹಣೆ ಗಾಜಿಗೆ ಬಡಿಯಿತು. ಒಂಬತ್ತು ಹೊಲಿಗೆ. ಆಸ್ಪತ್ರೆಗೆ ನಾನೇ ಜೊತೆಗೆ ಹೋದೆ, ಕಾಗದಕ್ಕೆ ನಾನೇ ಸಹಿ ಹಾಕಿದೆ, ನಂಬರಿನ ಕಲಂ ಬಂದಾಗ ಈ ಹಾಳು ಕೈ ಮತ್ತೆ ಅದನ್ನೇ ಬರೆಯಿತು. ನಾನು ಅಲ್ಲೇ ಹೊರಗಿನ ಬೆಂಚಿನ ಮೇಲಿದ್ದರೂ ಅವರು ನನ್ನನ್ನು ಕರೆಯಲು ಆ ನಂಬರಿಗೇ ಫೋನು ಮಾಡಿದ್ದಾರೆ. ಗುರುವಾರವೂ ನಾವಿಬ್ಬರು ಅಲ್ಲೇ ಇದ್ದೆವು, ಅದಕ್ಕೇ ನಿನ್ನ ಎಣಿಕೆಗೆ ಒಂಬತ್ತೇ ಸಿಕ್ಕಿದ್ದು. ಅವರಿಗೆ ಎಚ್ಚರವಾದಾಗ ಕೇಳಿದ ಮೊದಲ ಮಾತು, "ಹನ್ನೊಂದೂ ಇದೀರೇನ್ರೀ?"

ಈಗ ನನ್ನ ತಪ್ಪು ಕೇಳು. ಫೆಸ್‌ಗೆ ಬರುವ ದಾರಿಯಲ್ಲೇ ನನಗೆ ಗೊತ್ತಾಗಿತ್ತು. ಸೋಮವಾರ ಅವನ ಕಣ್ಣು ಮುಚ್ಚಿದ್ದನ್ನು ಪಕ್ಕದಲ್ಲೇ ಕೂತು ನೋಡಿದೆ, ಭುಜ ಹಿಡಿದು ಅಲುಗಾಡಿಸಿದೆ. "ಮದಾಂ, ನೋ ಕಂಪ್ಲೇಂಟ್, ತ್ರೀ ಡಾಟರ್" ಎಂದು ಕೈಮುಗಿದ. ಭಕ್ತಿಗಲ್ಲ, ನಿದ್ದೆಗೆ ಮುಖ ತೊಳೆಯುತ್ತಿದ್ದಾನೆ ಎಂದು ಆಗ ಹೊಳೆಯಿತು. ನಿನಗೆ ಬರೆಯಲಿಲ್ಲ. ಆ ಕೀರ್ತಿರಾಜ್ ಎಂದರೆ ನಿನಗೆ ಪ್ರಾಣ, ನಿನ್ನ ಮುಖ ಯಾಕೆ ಬಾಡಿಸಲಿ ಎಂದುಕೊಂಡೆ. ನೀನು ನಿನ್ನ ಮರ್ಯಾದೆಗೆ ಹೆದರಿ ಮುಚ್ಚಿಟ್ಟೆ, ನಾನು ನಿನ್ನ ಖುಷಿಗೆ ಹೆದರಿ ಮುಚ್ಚಿಟ್ಟೆ. ಹಣೆ ಒಡೆದುಕೊಂಡವರು ದಾವಣಗೆರೆಯ ಹೆಡ್‌ಮಾಸ್ಟರು.

ನಿನ್ನೆ ವ್ಯಾನು ಮರುಭೂಮಿಯಿಂದ ಬಂದು ನಮ್ಮಿಬ್ಬರನ್ನು ಆಸ್ಪತ್ರೆಯಿಂದ ಹತ್ತಿಸಿಕೊಂಡಿತು, ಇಲ್ಲಿಗೆ ಬರುವಾಗ ನಾನು ಮುಂದೆ ಕೂತೆ. ರಸ್ತೆಯ ಬದಿಯ ಕಿಲೋಮೀಟರ್ ಕಲ್ಲುಗಳನ್ನು ಕನ್ನಡದಲ್ಲಿ ಎಣಿಸುವುದನ್ನು ಅವನಿಗೆ ಕಲಿಸಿದೆ. ಒಂದು, ಎರಡು, ಮೂರು. ಮೂವತ್ತೇಳು ಎಂದವನು ಮೂವತ್ತೆಂಟು ಎನ್ನಲಿಲ್ಲ. ಭುಜಕ್ಕೆ ಬಾರಿಸಿದೆ. "ಮೂವತ್ತೆಂಟು ಮದಾಂ, ಸಾರಿ ಮದಾಂ." ಹಾಗೆ ಬಂದೆವು, ಇಡೀ ದಿನ.

ಇವತ್ತು ದಾಟಬೇಕಾದದ್ದು ತಿಶ್ಕಾ ಎಂಬ ಘಟ್ಟ. ಏಳು ಸಾವಿರ ಅಡಿ ಎತ್ತರ, ಹಾವಿನಂತಹ ತಿರುವು. ಬೆಳಕಿಗೆಂದು ಐದಕ್ಕೇ ಹೊರಡಬೇಕಂತೆ. ನಾಲ್ಕೂಮುಕ್ಕಾಲಿಗೆ ಬ್ರಾಹಿಂ ವ್ಯಾನಿಗೆ ಒರಗಿ ನಿಂತೇ ನಿದ್ದೆ ಮಾಡುತ್ತಿದ್ದ. ಅವನ ಕೈಯಿಂದ ಕೀ ತೆಗೆದು ನನ್ನ ಪರ್ಸಿನಲ್ಲಿ ಹಾಕಿಕೊಂಡು, "ಸ್ಲೀಪ್. ಗೋ" ಎಂದೆ. ಮಗುವಿನಂತೆ ಹೋದ.

ಆಮೇಲೆ ನಿಮ್ಮ ಹೀರೋ ಬಂದ.

"ಮೇಡಂ, ಕೀ ಕೊಡಿ. ಲೈಟ್ ಹೋಗುತ್ತೆ."

"ಲೈಟು ನಾಳೇನೂ ಬರುತ್ತೆ ಕಣಪ್ಪ."

"ಇದು ಪ್ಲಾನ್‌ನಲ್ಲಿಲ್ಲ ಮೇಡಂ."

"ಪ್ಲಾನ್‌ನಲ್ಲಿ ಎರಡನೇ ಡ್ರೈವರ್ ಇದ್ದ. ಅವನನ್ನ ಕರಿ, ಕೀ ಅವನ ಕೈಗೆ ಕೊಡ್ತೀನಿ."

ಅಷ್ಟರಲ್ಲಿ ಎಲ್ಲರೂ ಪೆಟ್ಟಿಗೆ ಹಿಡಿದು ಬಂದಿದ್ದರು. ಕೆಲವರು ನನ್ನ ಮೇಲೇ ಗೊಣಗಿದರು. ನನ್ನ ಪುಸ್ತಕವನ್ನು ದೇವೇಂದ್ರಣ್ಣನ ಕೈಗೆ ಕೊಟ್ಟೆ. ಹಣೆಗೆ ಪಟ್ಟಿ ಕಟ್ಟಿಕೊಂಡು, ಕನ್ನಡಕ ಏರಿಸಿ, ಹಾಜರಿ ಕರೆದ ಹಾಗೆ ಓದಿದರು. ಒಂಬತ್ತನೇ ತಾರೀಕು, ಹದಿನಾಲ್ಕು ಗಂಟೆ. ಹತ್ತನೇ ತಾರೀಕು, ಹತ್ತು ಗಂಟೆ. ಹನ್ನೊಂದು, ನಮಗೆ ವಿರಾಮ. ಬ್ರಾಹಿಂ, ಅವನೇ ಹೇಳಿದಂತೆ, ಬೇರೆ ಗುಂಪನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟು ಬೆಳಗಿನ ಜಾವ ಮೂರಕ್ಕೆ ವಾಪಸ್. ಹನ್ನೆರಡು, ಐದಕ್ಕೆ ಹೊರಟದ್ದು. ಅಲ್ಲಿಗೆ ನಿಲ್ಲಿಸಿ, "ಮುಂದಿನದು ನನ್ನ ಹಣೆ ಮೇಲೆ ಬರೆದಿದೆ, ಯಾರಾದ್ರೂ ಓದ್ಕೊಳ್ಳಿ" ಎಂದರು. ಗೊಣಗಿದವರೇ ಪೆಟ್ಟಿಗೆ ಎತ್ತಿಕೊಂಡು ಒಳಗೆ ಹೋದರು.

ಕೀರ್ತಿರಾಜ್ ಕಟ್ಟೆಯ ಮೇಲೆ ಕೂತ. ಎರಡನೆಯವನನ್ನು ಗೊತ್ತು ಮಾಡಿಯೇ ಇರಲಿಲ್ಲವಂತೆ, ಯಾವ ಸಲವೂ. "ಇದುವರೆಗೂ ಏನೂ ಆಗಿರ್ಲಿಲ್ಲ ಮೇಡಂ" ಎಂದ. "ಆಗಿತ್ತಪ್ಪ. ಹೇಳಿದವರ ಬಾಯಿ ಮುಚ್ಚಿಸಿದ್ರಿ" ಎಂದೆ. ಯಾರು ಮುಚ್ಚಿಸಿದ್ದು ಎಂದು ಹೇಳಲಿಲ್ಲ. ನನಗೆ ಗೊತ್ತಿದೆ, ನಿನಗೆ ಗೊತ್ತಿದೆ.

ಈಗ ಬಿಸಿಲೇರಿದೆ. ಅಂಗಳದಲ್ಲಿ ಕೂತು ಬರೆಯುತ್ತಿದ್ದೇನೆ. ಬ್ರಾಹಿಂನ ಗೊರಕೆ ಇಲ್ಲಿಯವರೆಗೂ ಕೇಳಿಸುತ್ತಿದೆ. ಇಷ್ಟು ಇಂಪಾದ ಗೊರಕೆಯನ್ನು ನಾನು ಕೇಳಿಲ್ಲ. ನಾಳೆ ಹತ್ತಕ್ಕೆ ಹೊರಡುತ್ತೇವೆ. ನನಗೆ ಈಗಲೂ ಹೆದರಿಕೆಯಿದೆ ಇಂಚು, ನಿನ್ನ ಹತ್ತಿರ ಇನ್ನು ಮುಚ್ಚಿಡುವುದಿಲ್ಲ. ಅಕ್ಷರ ತಪ್ಪಿದ್ದರೆ ತಿದ್ದಿಕೋ.

ನಿನಗೊಂದು ಕೆಲಸ. ಡಿಸೆಂಬರಿನಲ್ಲಿ ಇದೇ ವ್ಯಾನಿನಲ್ಲಿ ಇನ್ನೊಂದು ಗುಂಪು ಬರುತ್ತದಂತೆ. ಅವರು ಯಾರು ಎಂದು ನಿನಗೆ ಗೊತ್ತಿರುತ್ತದಲ್ಲವೇ?

ಅತ್ತೆ


ಸೈಬರ್‌ಜಯಾ
15 ನವೆಂಬರ್, ಶನಿವಾರ, ರಾತ್ರಿ

ಅತ್ತೆ,

"ಬದುಕಿದ್ದೇನೆ" ಅನ್ನೋದನ್ನ ಎಷ್ಟು ಸಲ ಓದಿದೆ ಗೊತ್ತಿಲ್ಲ. ನೀರು ಕುಡಿದೆ. ಮುಂದಿಂದು ಓದಿ ಮತ್ತೆ ಕುಡಿದೆ. ದೇವೇಂದ್ರ ಅಂಕಲ್‌ಗೆ ನಾನು ಹೇಗೆ ಮುಖ ತೋರಿಸ್ಲಿ? ಅವರಿಗೆ ಒಂದು ಕಾಗದ ಬರೆದಿದೀನಿ, ಇದರ ಜೊತೆ ಬೇರೆಯಾಗಿ ಕಳಿಸಿದೀನಿ. ನೀನೇ ಓದಿ ಹೇಳು. ಯಾರ ಹೆಸರೂ ಮುಚ್ಚಬೇಡ.

ಡಿಸೆಂಬರ್ ಲಿಸ್ಟ್ ನನ್ನ ಹತ್ರ ಇತ್ತು, ಹನ್ನೆರಡು ಹೆಸರು. ಹನ್ನೆರಡೂ ಜನಕ್ಕೆ ಬರೆದೆ, ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ, ಕಾಪಿ ಪೇಸ್ಟ್ ಮಾಡದೆ. ಅಪೂರ್ವ ಅವರ ಮಾತು, ನೀನು ಗಂಟೆ ಬರೆದಿದ್ದು, ನಾನು ಮಾಡಿದ್ದು, ಮೂರೂ ಹಾಕ್ದೆ. ಬ್ರಾಹಿಂ ಕೆಟ್ಟೋರಲ್ಲ, ಅವರಿಗೆ ನಿದ್ದೆ ಕೊಟ್ಟಿಲ್ಲ ಅಂತಾನೂ ಬರೆದೆ. ನಾಕು ಜನ ಥ್ಯಾಂಕ್ಸ್ ಅಂದ್ರು. ಮೂರು ಜನ ನೋಡಿ ಸುಮ್ನಿದಾರೆ. ನಾಕು ಜನ ಬ್ಲಾಕ್ ಮಾಡಿದ್ರು. ಇನ್ನೊಬ್ಳು ನನ್ನ ಸ್ಟಿಕರ್‌ನೇ ನಂಗೆ ಕಳಿಸಿದ್ಳು, "ಹೇಟರ್ ಸಿಕ್ಕಿಬಿದ್ದ ಲಾ". ಅದನ್ನ ಮಾಡಿದಾಗ ಎಷ್ಟು ಫನ್ನಿ ಅನ್ಸಿತ್ತು ಅತ್ತೆ. ಅವಳಿಗೆ ಮತ್ತೆ ಬರೆದಿದೀನಿ. ನಾಳೇನೂ ಬರೀತೀನಿ.

ಅಪೂರ್ವ ಅವರನ್ನ ಹುಡುಕಿ ಕ್ಷಮೆ ಕೇಳ್ದೆ. ದೊಡ್ಡ ಪ್ಯಾರಾ. ಅವರು ಒಂದೇ ಸಾಲು ಬರೆದ್ರು: "ಅದೆಲ್ಲಾ ಆಮ್ಯಾಲೆ, ನಿಮ್ಮ ಅತ್ತಿ ಹೆಂಗದಾರ ಮದ್ಲ ಹೇಳು." ಲೈಬ್ರರೀಲಿ ಎಲ್ಲರೆದುರು ಅತ್ತುಬಿಟ್ಟೆ. ಘಟ್ಟ ದಾಟಿದ ಮೇಲೆ ಅವರಿಗೂ ಹೇಳ್ಬೇಕಂತೆ.

ನಾಳೆ ನೀನು ಹತ್ತಕ್ಕೆ ಹೊರಡೋವಾಗ ಇಲ್ಲಿ ಸಂಜೆ ಐದು. ನಾನು ನಿನ್ನ ಮನೇಲಿರ್ತೀನಿ, ನಿನ್ನ ಫೋನ್ ಎದುರಿಗಿಟ್ಕೊಂಡು. ಅದು ರಿಂಗ್ ಆಗ್ಬಾರದು ಅಂತ ಕಾಯ್ತಾ ಇರ್ತೀನಿ. ಒಂದು ಫೋನು ರಿಂಗ್ ಆಗದೇ ಇರ್ಲಿ ಅಂತ ಯಾವತ್ತೂ ಇಷ್ಟು ಬೇಡ್ಕೊಂಡಿಲ್ಲ.

ಮುಂದಿನ ಸೀಟು ಬಿಡ್ಬೇಡ. ಎಣಿಸ್ತಾ ಇರು.

ಇಂಚು


ಮರ್ರಾಕೆಶ್
16 ನವೆಂಬರ್, ಭಾನುವಾರ

ಇಂಚು,

ತಲುಪಿದೆವು. ದೇವೇಂದ್ರಣ್ಣ ಎಣಿಸಿದರು, ಹನ್ನೊಂದು. ಅಪೂರ್ವನಿಗೂ ಹೇಳು.

ನಿನ್ನ ಕಾಗದವನ್ನು ಅವರಿಗೆ ಪೂರ್ತಿ ಓದಿ ಹೇಳಿದೆ. ಆಮೇಲೆ ಟ್ಯಾಬ್ ಕೈಗೆ ತೆಗೆದುಕೊಂಡು ತಾವೇ ಮತ್ತೊಮ್ಮೆ ಓದಿ, "ಆ ಹುಡುಗಿಗೆ ಕಾಗುಣಿತ ಚೆನ್ನಾಗಿದೆ, ಬುದ್ಧಿ ಈಗ ಬರ್ತಾ ಇದೆ" ಎಂದರು.

ಘಟ್ಟದ ಪ್ರತಿ ತಿರುವಿನಲ್ಲೂ ಹೆದರಿದೆ. ನಾನು ಎಣಿಸುವುದನ್ನು ಮರೆತಲ್ಲೆಲ್ಲ ಬ್ರಾಹಿಂ ತಾನೇ ಎಣಿಸಿದ.

ಬೆಳಿಗ್ಗೆ ಹೊರಡುವ ಮುಂಚೆ ಅವನಿಗೊಂದು ದೊಡ್ಡ ಪೊಟ್ಟಣ ಸೂರ್ಯಕಾಂತಿ ಬೀಜ ಕೊಂಡುಕೊಟ್ಟಿದ್ದೆ. ಇಲ್ಲಿ ಇಳಿಯುವಾಗ ಅದನ್ನು ನನ್ನ ಕೈಗೇ ವಾಪಸ್ಸಿಟ್ಟ.

ಒಡೆದೇ ಇರಲಿಲ್ಲ.

ಅತ್ತೆ